ಮಗುವಿನ ಸಾಮಾನು: ಯಾವುದು ಈಗಲೇ, ಯಾವುದು ಆಮೇಲೆ, ಯಾವುದು ಬೇಡವೇ ಬೇಡ

ಸೀಮಂತ ಮುಗಿಯುತ್ತಿದ್ದಂತೆ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷ ಮೊಬೈಲಿನಲ್ಲಿ ಪಟ್ಟಿ ಹಿಡಿದು ಕೂತಿರುತ್ತದೆ: ಸ್ಟ್ರಾಲರ್ ಎಂಬ ತಳ್ಳುಗಾಡಿ, ಬಾಟಲಿ ಶುದ್ಧಮಾಡುವ ಸ್ಟೆರಿಲೈಸರ್, ಕೂಸನ್ನು ಕುಲುಕುವ ಬೌನ್ಸರ್ ಕುರ್ಚಿ, ಬೇಬಿ ಮಾನಿಟರ್, ವೈಪ್ಸ್ ಬೆಚ್ಚಗಿಡುವ ಡಬ್ಬಿ. ಅಜ್ಜಿ-ಅತ್ತೆಯರ ಇನ್ನೊಂದು ಪಕ್ಷ "ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ" ಎನ್ನುತ್ತಾ ಒಂದು ಜಬಲವನ್ನೂ ಮನೆಗೆ ತರಬಿಡುವುದಿಲ್ಲ. ನನ್ನ ಒಲವು ಬಹುಮಟ್ಟಿಗೆ ಎರಡನೇ ಪಕ್ಷದ ಕಡೆಗೇ ಇದೆ. ಅದಕ್ಕೆ ಶಕುನ ಕಾರಣವಲ್ಲ. ಹುಟ್ಟಿದ ಮಗು ಎಷ್ಟು ತೂಕವಿದೆ, ಹಾಲು ಹೇಗೆ ಕುಡಿಯುತ್ತಿದೆ, ರಾತ್ರಿ ಎತ್ತಿಕೊಳ್ಳಲು ಮನೆಯಲ್ಲಿ ಎಷ್ಟು ಕೈಗಳಿವೆ ಎಂದು ಗೊತ್ತಾಗುವವರೆಗೆ ಮುಕ್ಕಾಲು ಪಾಲು ಸಾಮಾನು ಬೇಕೋ ಬೇಡವೋ ಎಂದು ಯಾರೂ ಹೇಳಲಾರರು. ಇವತ್ತು ಆರ್ಡರ್ ಮಾಡಿದ್ದು ಎರಡು ದಿನದಲ್ಲಿ ಬಾಗಿಲಿಗೆ ಬರುತ್ತದೆ. ಹೀಗಿರುವಾಗ ಮೂರು ತಿಂಗಳ ಮೊದಲೇ ಕೊಂಡು ಅಟ್ಟದ ಮೇಲಿಡುವ ಅಗತ್ಯವಿಲ್ಲ.

ಹಾಗೆಂದು ಎಲ್ಲದರಲ್ಲೂ ಕೈ ಬಿಗಿ ಹಿಡಿಯಿರಿ ಎಂದು ಹೇಳುತ್ತಿಲ್ಲ. ಮಗು ಮಲಗುವ ಜಾಗ, ಮಗುವಿನ ಬಾಯಿಗೆ ಹೋಗುವ ವಸ್ತು, ಕಾರಿನಲ್ಲಿ ಮಗು ಕೂರುವ ಸೀಟು, ಈ ಮೂರರಲ್ಲಿ ರಾಜಿ ಬೇಡ. ಉಳಿದದ್ದರಲ್ಲಿ ಹಳೆಯದು, ಎರವಲು, ಮನೆಯಲ್ಲಿರುವುದು ಎಲ್ಲವೂ ನಡೆಯುತ್ತದೆ.

ಮೊದಲ ಹೆಜ್ಜೆ: ಪಟ್ಟಿಗಿಂತ ಮುಂಚೆ ಮನೆ ನೋಡಿ

ಕಾಗದ ತೆಗೆದುಕೊಂಡು ಗಂಡ-ಹೆಂಡತಿ ಇಬ್ಬರೂ ಕೂತು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮೊದಲ ಮೂರು ತಿಂಗಳು ಮಗು ಎಲ್ಲಿರುತ್ತದೆ? ಈ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಬಾಣಂತನಕ್ಕೆ ತವರಿಗೆ ಹೋಗಿ, ಮೂರನೆಯದೋ ಐದನೆಯದೋ ತಿಂಗಳಲ್ಲಿ ಗಂಡನ ಮನೆಗೆ ಬರುವ ಪದ್ಧತಿ ನಿಮ್ಮಲ್ಲಿದ್ದರೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಜೋಡಿಸಿಟ್ಟ ಎಳೆಗೂಸಿನ ಸಾಮಾನು ಹಾಗೇ ಉಳಿಯುತ್ತದೆ. ಮಗು ಹಾವೇರಿಯಲ್ಲೋ ಹಾಸನದಲ್ಲೋ ಅಜ್ಜಿಯ ಕಾಲ ಮೇಲೆ ನೀರು ಎರೆಸಿಕೊಳ್ಳುತ್ತಿರುತ್ತದೆ, ಇಲ್ಲಿ ಬಾತ್‌ಟಬ್ ಧೂಳು ಹಿಡಿಯುತ್ತಿರುತ್ತದೆ. ಮಗು ಫ್ಲ್ಯಾಟಿಗೆ ಬರುವ ಹೊತ್ತಿಗೆ ಅದರ ಅಗತ್ಯಗಳೇ ಬದಲಾಗಿರುತ್ತವೆ.

ಮನೆಗೆ ಲಿಫ್ಟ್ ಇದೆಯೇ, ಎರಡು ಮಹಡಿ ಮೆಟ್ಟಿಲೇ? ಓಡಾಟ ಕಾರಿನಲ್ಲೋ, ಸ್ಕೂಟರಿನಲ್ಲೋ, ಬಸ್ಸಿನಲ್ಲೋ? ಬಟ್ಟೆ ಒಣಹಾಕಲು ಬಿಸಿಲು ಬೀಳುವ ಜಾಗ ಇದೆಯೇ? ಮಂಗಳೂರು, ಶಿವಮೊಗ್ಗ, ಮಡಿಕೇರಿ ಕಡೆ ಹೆರಿಗೆ ಜೂನ್-ಜುಲೈನಲ್ಲಿದ್ದರೆ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಅಲ್ಲಿ ಲಂಗೋಟಿ ದುಪ್ಪಟ್ಟು ಬೇಕು. ಕಲಬುರಗಿಯ ಏಪ್ರಿಲ್‌ನಲ್ಲಿ ಹುಟ್ಟುವ ಮಗುವಿಗೆ ಸ್ವೆಟರಿನ ರಾಶಿ ಹಿಂಸೆಯೇ ಸರಿ. ತಾಯಿ ಕೆಲಸಕ್ಕೆ ಮರಳುವುದು ಯಾವಾಗ ಎನ್ನುವುದನ್ನೂ ಬರೆದುಕೊಳ್ಳಿ. ಪಂಪು, ಬಾಟಲಿಗಳ ತೀರ್ಮಾನ ಅದರ ಮೇಲೆ ನಿಂತಿದೆ.

ಈ ಉತ್ತರಗಳನ್ನು ಎದುರಿಗಿಟ್ಟುಕೊಂಡು ಅಂಗಡಿಯ ಪಟ್ಟಿ ನೋಡಿದರೆ ಅರ್ಧದಷ್ಟು ಸಾಲು ತಾನಾಗಿಯೇ ಅಳಿಸಿಹೋಗುತ್ತದೆ.

ಎರಡನೇ ಹೆಜ್ಜೆ: ಹೆರಿಗೆಗೆ ಮುಂಚೆ ಇರಲೇಬೇಕಾದ್ದು

ಕರ್ನಾಟಕ ಸರ್ಕಾರ 2007ರಲ್ಲಿ ಮಡಿಲು ಎಂಬ ಯೋಜನೆ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಂದಿರಿಗೆ ಒಂದು ಕಿಟ್ ಕೊಡುವ ಯೋಜನೆ ಅದು. ಅದರಲ್ಲಿ ಸೊಳ್ಳೆ ಪರದೆ, ಜಮಖಾನ, ಹೊದಿಕೆ, ಸೋಪು, ಕೊಬ್ಬರಿ ಎಣ್ಣೆ, ಸ್ಯಾನಿಟರಿ ಪ್ಯಾಡ್, ಮಗುವಿನ ಹಾಸಿಗೆ, ರಬ್ಬರ್ ಶೀಟ್, ಸ್ವೆಟರ್, ಟೋಪಿ, ಕಾಲುಚೀಲ ಇಂಥವೇ ಇದ್ದವು. ಎಷ್ಟೇ ಹಣವಿದ್ದವರೂ ತಮ್ಮ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಇರುವುದು ತಾಯಿಗಾಗಿ. ಆನ್‌ಲೈನ್ ಪಟ್ಟಿಗಳಲ್ಲಿ ತಾಯಿಯ ಹೆಸರೇ ಇರುವುದಿಲ್ಲ.

ಆದ್ದರಿಂದ ಶುರು ಅವಳಿಂದಲೇ ಆಗಲಿ. ಹೆರಿಗೆಯ ನಂತರ ವಾರಗಟ್ಟಲೆ ಸ್ರಾವ ಇರುತ್ತದೆ, ಅದಕ್ಕೆ ಉದ್ದದ, ದಪ್ಪನೆಯ ಮೆಟರ್ನಿಟಿ ಪ್ಯಾಡ್ ಬೇಕು. ಮುಂದೆ ತೆರೆಯುವ ಹತ್ತಿ ನೈಟಿಗಳು ನಾಲ್ಕು, ಹಾಲೂಡಿಸುವ ಬ್ರಾ ಎರಡು-ಮೂರು. ಹಾಲೂಡಿಸುವಾಗ ಬೆನ್ನಿಗೆ ಆಸರೆ ಕೊಡುವ, ಕಾಲು ನೆಲಕ್ಕೆ ತಾಗುವ ಒಂದು ಕುರ್ಚಿ. ಮನೆಯಲ್ಲಿರುವ ಕುರ್ಚಿಗೇ ದಿಂಬು ಒರಗಿಸಿದರೂ ಸಾಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಅವಳು ಕೂರುವುದು ಅಲ್ಲೇ. ತೊಟ್ಟಿಲಿನ ಅಲಂಕಾರಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಈ ಮೂಲೆಗೆ ಹೋಗಲಿ.

ಇನ್ನು ಮಗುವಿಗೆ: ಮುಂದೆ ದಾರ ಕಟ್ಟುವ ಹತ್ತಿ ಜಬಲ ಆರರಿಂದ ಎಂಟು, ಎರಡು ಟೋಪಿ, ಎರಡು ಜೊತೆ ಕಾಲುಚೀಲ, ಎರಡು ಡಜನ್ ಲಂಗೋಟಿ, ಎರಡು ರಬ್ಬರ್ ಶೀಟ್ ಅಥವಾ ಡ್ರೈ ಶೀಟ್, ಮಗುವನ್ನು ಸುತ್ತಲು ಮೆತ್ತನೆಯ ಬಟ್ಟೆ ನಾಲ್ಕೈದು. ಈ ಕೊನೆಯದಕ್ಕೆ ಅಂಗಡಿಗೆ ಹೋಗಬೇಡಿ. ನೂರಾರು ಸಲ ಒಗೆದು ಮೆತ್ತಗಾದ ಅಜ್ಜಿಯ ಹತ್ತಿ ಸೀರೆಯಷ್ಟು ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗದು. ಹೊಸ ಬಟ್ಟೆ ಯಾವುದೇ ಇರಲಿ, ಒಗೆದು ಬಿಸಿಲಿಗೆ ಹಾಕಿದ ಮೇಲೆಯೇ ಮಗುವಿನ ಮೈಗೆ ಹಾಕಿ.

ಡಿಜಿಟಲ್ ಥರ್ಮಾಮೀಟರ್ ಒಂದು ಇರಲೇಬೇಕು. ಮೂರು ತಿಂಗಳೊಳಗಿನ ಮಗುವಿನ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾಯುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಬೇಕು. "ಮೈ ಸ್ವಲ್ಪ ಬಿಸಿ ಇದೆ" ಎನ್ನುವ ಅಂದಾಜು ಅಲ್ಲಿ ಸಾಲದು. ಮನೆಯಲ್ಲಿ ಪಾದರಸದ ಹಳೆಯ ಥರ್ಮಾಮೀಟರ್ ಇದ್ದರೆ ಮಗುವಿಗೆ ಬಳಸಬೇಡಿ.

ಜೊತೆಗೆ ಸೊಳ್ಳೆ ಪರದೆ, ಕಾರಿದ್ದವರಿಗೆ ಕಾರ್ ಸೀಟು. ಅವೆರಡರ ಮಾತು ಮುಂದೆ ಇದೆ. ಹೆರಿಗೆಗೆ ಮುಂಚೆ ಕೊಳ್ಳಬೇಕಾದ ಪಟ್ಟಿ ಇಲ್ಲಿಗೆ ಮುಗಿಯಿತು.

ಮೂರನೇ ಹೆಜ್ಜೆ: ಮಲಗುವ ಜಾಗ

ಇದನ್ನು ನಿಧಾನವಾಗಿ ಓದಿ. ಎಳೆ ಮಗು ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತದೆ, ಮುಖದ ಮೇಲೆ ಬಟ್ಟೆ ಬಿದ್ದರೆ ಸರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮಕ್ಕಳ ವೈದ್ಯರು ಹೇಳುವ ನಿಯಮ ಸರಳವಾಗಿದೆ: ಮಗುವನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು, ಹಾಸಿಗೆಯ ಮೇಲೆ ದಿಂಬು, ದಪ್ಪ ಹೊದಿಕೆ, ಮೆತ್ತನೆ ಗೊಂಬೆ ಯಾವುದೂ ಇರಬಾರದು. ಮೊದಲ ವರ್ಷ ಪೂರ್ತಿ ಇದೇ ನಿಯಮ.

ಈ ಅಳತೆಗೋಲು ಹಿಡಿದು ಅಂಗಡಿಯ "ಬೇಬಿ ಬೆಡ್ ಸೆಟ್" ಬಿಚ್ಚಿ ನೋಡಿ. ಕೊಡೆಯಂತೆ ತೆರೆಯುವ ಸೊಳ್ಳೆ ಪರದೆ, ಅದರ ಕೆಳಗೆ ಬೆರಳಿಟ್ಟರೆ ಒಳಗಿಳಿಯುವ ಪಾಲಿಯೆಸ್ಟರ್ ಹಾಸಿಗೆ, ಒಂದು ತಲೆದಿಂಬು, ಎರಡು ಉರುಳು ದಿಂಬು. ಇದರಲ್ಲಿ ಉಪಯೋಗಕ್ಕೆ ಬರುವುದು ಪರದೆ ಮಾತ್ರ. ದಿಂಬುಗಳನ್ನು ತೆಗೆದು ದೊಡ್ಡವರ ಬಳಕೆಗೆ ಕೊಡಿ. ಹಾಸಿಗೆ ತೀರಾ ಮೆತ್ತಗಿದ್ದರೆ ಮನೆಯ ಕೌದಿಯನ್ನು ಸುಕ್ಕಿಲ್ಲದಂತೆ ಮಡಿಸಿ ಹಾಸಿ, ಅದರ ಮೇಲೆ ಪರದೆ ಇಡಿ. ಪರದೆ ಬೇರೆಯಾಗಿ ಸಿಗುವುದಾದರೆ ಪರದೆಯೊಂದನ್ನೇ ತನ್ನಿ.

ಪರದೆಗೆ ಮಾತ್ರ ನಾನು ಪೂರ್ತಿ ಅಂಕ ಕೊಡುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದಿತ್ತು. ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅಂದರೆ ಮಗು ಮಧ್ಯಾಹ್ನ ಮಲಗಿರುವಾಗಲೂ. ಎರಡು ತಿಂಗಳೊಳಗಿನ ಮಗುವಿಗೆ ಸೊಳ್ಳೆ ಓಡಿಸುವ ಕ್ರೀಮು ಹಚ್ಚುವಂತಿಲ್ಲ. ಬತ್ತಿಯ ಹೊಗೆಯೂ ಮಗುವಿನ ಕೋಣೆಗೆ ಬೇಡ. ಹಾಗಾಗಿ ಪರದೆಗೆ ಬದಲಿಯೇ ಇಲ್ಲ.

ಸಾಸಿವೆ ದಿಂಬಿನ ವಿಷಯ ಪ್ರತಿ ಮನೆಯಲ್ಲೂ ಬರುತ್ತದೆ. ತಲೆ ದುಂಡಗಾಗಲಿ ಎಂದು ಪ್ರೀತಿಯಿಂದಲೇ ಹೊಲಿದು ಕೊಡುತ್ತಾರೆ. ಆದರೆ ಅದೂ ದಿಂಬೇ. ಹೊಲಿಗೆ ಬಿಚ್ಚಿದರೆ ಕಾಳು ಮಗುವಿನ ಮೂಗು-ಬಾಯಿಗೆ ಹೋಗುವ ಭಯ ಬೇರೆ. ತಲೆಯ ಒಂದು ಬದಿ ಚಪ್ಪಟೆಯಾಗದಿರಲು ಬೇರೆ ದಾರಿ ಇದೆ: ಮಲಗಿಸುವಾಗ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮುಖ ತಿರುಗಿಸುವುದು, ಎಚ್ಚರವಿದ್ದಾಗ ದೊಡ್ಡವರ ಕಣ್ಣೆದುರಿಗೇ ಸ್ವಲ್ಪ ಹೊತ್ತು ಬೋರಲು ಹಾಕುವುದು. ಅಜ್ಜಿಗೆ ನೋವಾಗದಂತೆ ಹೇಳಲು ವೈದ್ಯರ ಹೆಸರನ್ನು ಬಳಸಿಕೊಳ್ಳಿ: "ಡಾಕ್ಟ್ರು ಒಂದು ವರ್ಷ ದಿಂಬು ಬೇಡ ಅಂದಿದ್ದಾರೆ ಅಜ್ಜಿ, ಆಮೇಲೆ ಹಾಕೋಣ."

ತೊಟ್ಟಿಲು? ನಾಮಕರಣಕ್ಕೆ ತೊಟ್ಟಿಲು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಕೊಳ್ಳಲೇಬೇಕೆಂದಿಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ತಲೆಮಾರುಗಟ್ಟಲೆ ಬಾಳುತ್ತವೆ. ಉತ್ತರ ಕರ್ನಾಟಕದಲ್ಲಿ ಒಂದೇ ತೊಟ್ಟಿಲು ಇಡೀ ಬಂಧುಬಳಗವನ್ನು ಸುತ್ತಿ ಬರುವುದುಂಟು. ನಿಮ್ಮ ಬಳಗದಲ್ಲಿ ಯಾರ ಮನೆಯ ಅಟ್ಟದಲ್ಲಿ ತೊಟ್ಟಿಲಿದೆ ಎಂದು ಮೊದಲು ವಿಚಾರಿಸಿ. ತಂದ ಮೇಲೆ ಕೊಂಡಿ, ಸರಪಳಿ, ಕೀಲುಗಳನ್ನು ಕೈಯಿಂದ ಜಗ್ಗಿ ನೋಡಿ. ಸರಳುಗಳ ನಡುವೆ ಮಗುವಿನ ತಲೆ ತೂರುವಷ್ಟು ಜಾಗ ಇರಬಾರದು. ಬಣ್ಣ ಎದ್ದಿದ್ದರೆ ಮಗು ಕಚ್ಚುವ ವಯಸ್ಸಿಗೆ ಬರುವ ಮೊದಲೇ ಸರಿಮಾಡಿಸಿ.

ಸೀರೆಯ ಜೋಳಿಗೆಯಲ್ಲಿ ಮಕ್ಕಳು ಹಾಯಾಗಿ ಮಲಗುತ್ತವೆ ಎನ್ನುವುದು ನಿಜ. ಆದರೆ ಅದರಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ, ಬಟ್ಟೆ ಮುಖಕ್ಕೆ ಹತ್ತಿರ ಬರುತ್ತದೆ. ಸಮಾಧಾನಪಡಿಸಲು ತೂಗುವುದಿದ್ದರೆ ಪಕ್ಕದಲ್ಲೇ ಇದ್ದು ತೂಗಿ, ನಿದ್ದೆ ಬಂದ ಮೇಲೆ ಎತ್ತಿ ಸಮತಟ್ಟಾದ ಹಾಸಿಗೆಗೆ ಹಾಕಿ. ಮಗು ಮಗುಚಲು, ಕೈಯೂರಿ ಏಳಲು ಶುರು ಮಾಡಿದ ದಿನ ಜೋಳಿಗೆಯೂ ತೊಟ್ಟಿಲೂ ಮುಗಿದವು ಎಂದೇ ತಿಳಿಯಿರಿ. ತಾನಾಗಿ ತೂಗುವ ವಿದ್ಯುತ್ ತೊಟ್ಟಿಲಿಗೆ ಹತ್ತಾರು ಸಾವಿರ ಕೊಡುವ ಮುನ್ನ ಈ ಲೆಕ್ಕ ಹಾಕಿ, ಅದರ ಆಯುಸ್ಸು ಹೆಚ್ಚೆಂದರೆ ಐದಾರು ತಿಂಗಳು.

ತೊಟ್ಟಿಲ ಸುತ್ತ ಕಟ್ಟುವ ಮೆತ್ತೆ ಮತ್ತು ಇಳಿಜಾರಿನ ಮಲಗುಕುರ್ಚಿ ಎರಡೂ ಬೇಡ. ಅಮೆರಿಕದಲ್ಲಿ 2022ರ ಕಾನೂನು ತೊಟ್ಟಿಲ ಮೆತ್ತೆಗಳನ್ನೂ, 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಮಲಗುವ ಸಾಧನಗಳನ್ನೂ ಮಾರಾಟದಿಂದಲೇ ತೆಗೆಸಿತು. ಮಕ್ಕಳು ಉಸಿರುಗಟ್ಟಿ ಸತ್ತ ಮೇಲೆ ಬಂದ ಕಾನೂನು ಅದು. ನಮ್ಮ ಆನ್‌ಲೈನ್ ಮಾರುಕಟ್ಟೆಯಲ್ಲಿ ಅಂಥವು ಈಗಲೂ ಚೆಂದದ ಫೋಟೊಗಳೊಂದಿಗೆ ಸಿಗುತ್ತವೆ.

ನಾಲ್ಕನೇ ಹೆಜ್ಜೆ: ಡೈಪರ್ ಲೆಕ್ಕ

ಎಳೆಗೂಸಿಗೆ ದಿನಕ್ಕೆ ಸುಮಾರು ಹತ್ತು ಸಲ ಬಟ್ಟೆ ಬದಲಿಸಬೇಕು. ಬಳಸಿ ಎಸೆಯುವ ಡೈಪರ್ ಒಂದಕ್ಕೆ ಹತ್ತು ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ ಮೂರು ಸಾವಿರ ಆಗುತ್ತದೆ. ಹಗಲು ಲಂಗೋಟಿ, ರಾತ್ರಿ ಮತ್ತು ಹೊರಗೆ ಹೋಗುವಾಗ ಡೈಪರ್ ಎಂದರೆ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ರಾತ್ರಿ ತಾಯಿಗೆ ನಿದ್ದೆಯೂ ಸಿಗುತ್ತದೆ. ಬಟ್ಟೆ ಒಗೆಯುವವರು ಯಾರು ಎನ್ನುವುದನ್ನು ಮಾತ್ರ ಮೊದಲೇ ತೀರ್ಮಾನಿಸಿ. ಬಾಣಂತಿಯೇ ಒಗೆಯಬೇಕಾದ ಮನೆಯಾಗಿದ್ದರೆ ಡೈಪರೇ ಸರಿ.

ನ್ಯೂಬಾರ್ನ್ ಅಳತೆಯ ದೊಡ್ಡ ಪ್ಯಾಕುಗಳನ್ನು ಆಫರಿಗೆ ಮಾರುಹೋಗಿ ಕೊಳ್ಳಬೇಡಿ. ಆ ಅಳತೆ ಸಾಮಾನ್ಯವಾಗಿ 5 ಕೆ.ಜಿ.ವರೆಗೆ. 3 ಕೆ.ಜಿ. ಹುಟ್ಟಿದ ಮಗು ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುತ್ತದೆ, ಎರಡು-ಮೂರು ತಿಂಗಳಲ್ಲಿ ಆ ಅಳತೆ ದಾಟುತ್ತದೆ. ಜೊತೆಗೆ ಒಂದು ಕಂಪನಿಯದು ಒಂದು ಮಗುವಿಗೆ ಒಗ್ಗುತ್ತದೆ, ಇನ್ನೊಂದಕ್ಕೆ ತೊಡೆಯಲ್ಲಿ ಕೆಂಪು ಗುಳ್ಳೆ ಏಳುತ್ತದೆ. ಮೊದಲು ಚಿಕ್ಕ ಪ್ಯಾಕ್, ಒಗ್ಗಿದರೆ ಆಮೇಲೆ ದೊಡ್ಡದು.

ಮತ್ತೆ ಮತ್ತೆ ಬಳಸುವ ಬಟ್ಟೆ ಡೈಪರುಗಳು ಒಳ್ಳೆಯವೇ. ಎರಡು ಕೊಂಡು ಒಂದು ವಾರ ನೋಡಿ, ನಿಮ್ಮ ಮನೆಯಲ್ಲಿ ಒಣಗುತ್ತವೆ ಎಂದಾದರೆ ಹೆಚ್ಚು ತನ್ನಿ. ವೈಪ್ಸ್ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಉಗುರುಬೆಚ್ಚಗಿನ ನೀರು, ಹತ್ತಿ ಬಟ್ಟೆ ಸಾಕು. ಬಳಸಿದ ಡೈಪರನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಅದು ಬಿಚ್ಚಿಕೊಂಡು ಸಿಗಬಾರದು.

ಐದನೇ ಹೆಜ್ಜೆ: ಹಾಲಿಗೆ ಸಂಬಂಧಿಸಿದ್ದು

ಬಾಟಲಿಯನ್ನು ಹೆರಿಗೆಗೆ ಮುಂಚೆ ಕೊಳ್ಳಬೇಡಿ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಾಟಲಿ ಕಣ್ಣೆದುರಿಗಿದ್ದರೆ ಮೂರನೇ ದಿನ ಹಾಲು ಸರಿಯಾಗಿ ಇಳಿಯದೆ ಎಲ್ಲರೂ ಗಾಬರಿಯಾದಾಗ ಕೈ ಅದರ ಕಡೆಗೇ ಹೋಗುತ್ತದೆ. ನಮ್ಮ ದೇಶದಲ್ಲಿ 1992ರ ಕಾಯ್ದೆಯೊಂದು ಹಾಲಿನ ಪುಡಿ, ಹಾಲಿನ ಬಾಟಲಿಗಳ ಜಾಹೀರಾತನ್ನೂ ಉಚಿತ ಸ್ಯಾಂಪಲ್ ಹಂಚುವುದನ್ನೂ ನಿಷೇಧಿಸಿದೆ. ಆಸ್ಪತ್ರೆಯಲ್ಲಿ ಯಾರಾದರೂ ಹಾಲಿನ ಪುಡಿಯ ಡಬ್ಬಿಯನ್ನು ಉಡುಗೊರೆ ಎಂದು ಕೊಟ್ಟರೆ ಅದು ಕಾನೂನುಬಾಹಿರ ಎಂದು ನಿಮಗೆ ಗೊತ್ತಿರಲಿ.

ಹಿಂಡಿದ ಹಾಲನ್ನೋ, ವೈದ್ಯರು ಬರೆದುಕೊಟ್ಟ ಪುಡಿ ಹಾಲನ್ನೋ ಕುಡಿಸಬೇಕಾಗಿ ಬಂದರೆ ಮೊದಲು ಒಳಲೆಯನ್ನು ನೆನಪಿಸಿಕೊಳ್ಳಿ. ಮೂತಿಯಿರುವ ಆ ಪುಟ್ಟ ಪಾತ್ರೆಯನ್ನು ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಾರ್ಡುಗಳಲ್ಲಿ ಇಂದಿಗೂ ಬಳಸುತ್ತಾರೆ. ಸ್ಟೀಲಿನದಾದರೆ ಮೂಲೆಮುಡುಕು ಇಲ್ಲ, ಕುದಿಸಿದರೆ ಶುದ್ಧ. ಮಗುವನ್ನು ಸ್ವಲ್ಪ ನೆಟ್ಟಗೆ ಹಿಡಿದು, ಮೂತಿಯನ್ನು ಕೆಳತುಟಿಗೆ ಆನಿಸಿ, ತೊಟ್ಟು ತೊಟ್ಟಾಗಿ ಬಿಡಬೇಕು. ನುಂಗಿದ ಮೇಲೆಯೇ ಮುಂದಿನ ತೊಟ್ಟು. ಆಸ್ಪತ್ರೆಯ ನರ್ಸಮ್ಮನ ಹತ್ತಿರ ಒಮ್ಮೆ ಹೇಳಿಸಿಕೊಂಡು ಬನ್ನಿ.

ಬಾಟಲಿಯೇ ಬೇಕಾದರೆ ಎರಡು ಸಾಕು, ಅಗಲ ಬಾಯಿಯದು, ಐಎಸ್‌ಐ ಗುರುತು ಇರುವುದು. ಸ್ಟೆರಿಲೈಸರ್ ಬೇಕಿಲ್ಲ. ದೊಡ್ಡ ಪಾತ್ರೆಯಲ್ಲಿ ಬಾಟಲಿ ಪೂರ್ತಿ ಮುಳುಗುವಂತೆ ನೀರು ಹಾಕಿ ಹತ್ತು ನಿಮಿಷ ಕುದಿಸಿದರೆ ಆ ಯಂತ್ರ ಮಾಡುವ ಕೆಲಸವೇ ಆಗುತ್ತದೆ. ದಿನಕ್ಕೆ ಆರೇಳು ಬಾಟಲಿ ಬಳಸಲೇಬೇಕಾದ ಮನೆಗೆ, ಅವಳಿ ಮಕ್ಕಳಿರುವ ಮನೆಗೆ ಯಂತ್ರ ಅನುಕೂಲ. ಬಾಟಲಿ ತೊಳೆಯುವ ಉದ್ದ ಬ್ರಷ್ ಮಾತ್ರ ಬಾಟಲಿ ಬಳಸುವ ಎಲ್ಲರಿಗೂ ಬೇಕು.

ಹಾಲು ಹಿಂಡುವ ಪಂಪನ್ನು ತಾಯಿ ಕೆಲಸಕ್ಕೆ ಮರಳುವ ತಿಂಗಳ ಮೊದಲು ಕೊಳ್ಳಿ. ಕಾನೂನಿನ ಪ್ರಕಾರ ಮೊದಲೆರಡು ಮಕ್ಕಳಿಗೆ 26 ವಾರ ವೇತನಸಹಿತ ರಜೆ ಇದೆ. ಅಷ್ಟೂ ರಜೆಯನ್ನು ಹೆರಿಗೆಯ ನಂತರವೇ ತೆಗೆದುಕೊಳ್ಳುವವರಿಗೆ ಪಂಪು ಬೇಕಾಗುವ ಹೊತ್ತಿಗೆ ಮಗು ಗಟ್ಟಿ ಆಹಾರಕ್ಕೆ ಬಂದಿರುತ್ತದೆ, ಕೈಯಿಂದ ಒತ್ತುವ ಸಾದಾ ಪಂಪೇ ಸಾಕಾಗಬಹುದು. ಮಗು ಐಸಿಯುವಿನಲ್ಲಿದ್ದು ಮೊದಲ ದಿನದಿಂದಲೇ ಹಿಂಡಬೇಕಾದರೆ ಮಾತು ಬೇರೆ, ಆಗ ಆಸ್ಪತ್ರೆ ದರ್ಜೆಯ ಪಂಪನ್ನು ಬಾಡಿಗೆಗೆ ತನ್ನಿ.

ಆರನೇ ಹೆಜ್ಜೆ: ಹೊರಗೆ ಹೋಗುವಾಗ

ಕಾರಿದ್ದವರು ಹೆಚ್ಚು ಯೋಚಿಸಿ ದುಡ್ಡು ಹಾಕಬೇಕಾದದ್ದು ಇಲ್ಲಿ. ಬೇರೆ ಪಟ್ಟಿಯಲ್ಲಿ ಉಳಿಸಿದ ಹಣವನ್ನೆಲ್ಲ ಕಾರ್ ಸೀಟಿಗೆ ಹಾಕಿ. ತೊಡೆಯ ಮೇಲೆ ಕೂರಿಸಿಕೊಂಡರೆ ಸಾಕಲ್ಲವೇ ಎನ್ನುತ್ತಾರೆ. ಗಂಟೆಗೆ ಐವತ್ತು ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ ಆರು ಕೆ.ಜಿ.ಯ ಮಗುವನ್ನು ಹಿಡಿದುಕೊಳ್ಳುವ ಬಲ ಯಾವ ತಾಯಿಯ ತೋಳಿಗೂ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಇರದಿದ್ದರೆ ಒಂದು ಸಾವಿರ ರೂಪಾಯಿ ದಂಡವಿದೆ. ದಂಡದ ಭಯಕ್ಕಾಗಿ ಯಾರೂ ಕೊಳ್ಳುತ್ತಿಲ್ಲ ಎಂಬುದು ಗೊತ್ತು. ಮಗುವಿನ ಕತ್ತಿಗಾಗಿ ಕೊಳ್ಳಿ.

ಎಳೆ ಮಗುವಿನ ತಲೆಯ ಉದ್ದ ಮೈಯುದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತು ಮಾತ್ರ ಎಳಸು. ಮುಂದಕ್ಕೆ ಮುಖ ಮಾಡಿ ಕೂತಿದ್ದರೆ ಡಿಕ್ಕಿಯಾದಾಗ ತಲೆ ಮುಂದಕ್ಕೆ ಚಿಮ್ಮಿ ಕತ್ತಿನ ಮೇಲೆ ಅಷ್ಟೂ ಭಾರ ಬೀಳುತ್ತದೆ. ಹಿಮ್ಮುಖವಾಗಿ ಕೂತಿದ್ದರೆ ಸೀಟಿನ ಬೆನ್ನು ತಲೆ, ಕತ್ತು, ಬೆನ್ನನ್ನು ಒಟ್ಟಿಗೆ ಹಿಡಿಯುತ್ತದೆ. ಯುರೋಪಿನ ಆರ್129 ಮಾನದಂಡದಲ್ಲಿ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯ. ಸೀಟಿನ ಅಳತೆ ಒಪ್ಪುವವರೆಗೂ ಹಾಗೇ ಮುಂದುವರಿಸುವುದು ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ಸೀಟನ್ನು ತಿರುಗಿಸಿ ಹಿಂಬದಿಯ ಕಿತ್ತಳೆ ಬಣ್ಣದ ಚೀಟಿ ಹುಡುಕಿ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಮತ್ತು ಒಂದು ಅಂಕಿ ಇರುತ್ತದೆ, ಜೊತೆಗೆ ಆರ್44 (ಹಳೆಯ ಮಾನದಂಡ) ಅಥವಾ ಆರ್129 ಎಂದಿರುತ್ತದೆ. ಭಾರತದ ಮಾನದಂಡ ಎಐಎಸ್-072. ಇವು ಯಾವುವೂ ಇಲ್ಲದ ಸೀಟು ಬರೀ ಮೆತ್ತನೆ ಕುರ್ಚಿ. ನಿಮ್ಮ ಕಾರಿನ ಹಿಂಸೀಟಿನ ಸಂದಿನಲ್ಲಿ ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸುವ ಐಸೊಫಿಕ್ಸ್ ಎಂಬ ಲೋಹದ ಕೊಂಡಿಗಳಿವೆಯೇ ಎಂದು ಕೈಯಾಡಿಸಿ ನೋಡಿ. ಇಲ್ಲದಿದ್ದರೆ ಬೆಲ್ಟಿನಿಂದ ಬಿಗಿಯುವ ಸೀಟು ತನ್ನಿ. ಸಾಧ್ಯವಾದರೆ ಕಾರನ್ನೇ ಅಂಗಡಿಗೆ ಒಯ್ದು ಕೂರಿಸಿ ನೋಡಿ.

ಮಗುವನ್ನು ಕೂರಿಸಿ ಪಟ್ಟಿ ಬಿಗಿದ ಮೇಲೆ ಹೆಗಲ ಬಳಿ ಪಟ್ಟಿಯನ್ನು ಹೆಬ್ಬೆರಳು-ತೋರುಬೆರಳಿನಿಂದ ಚಿವುಟಿ ಹಿಡಿಯಲು ಪ್ರಯತ್ನಿಸಿ. ಮಡಿಕೆ ಸಿಕ್ಕಿದರೆ ಸಡಿಲ ಇದೆ, ಇನ್ನೂ ಬಿಗಿಯಬೇಕು. ದಪ್ಪ ಸ್ವೆಟರ್ ಹಾಕಿ ಬೆಲ್ಟ್ ಕಟ್ಟಬೇಡಿ, ಕಟ್ಟಿದ ಮೇಲೆ ಹೊದಿಸಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಎಂದೂ ಇಡಬೇಡಿ. ಮನೆ ತಲುಪಿದ ಕೂಡಲೇ ಮಲಗಿದ್ದ ಮಗುವನ್ನು ಎತ್ತಿ ಹಾಸಿಗೆಗೆ ಹಾಕಿ, ಸೀಟಿನಲ್ಲೇ ನಿದ್ದೆ ಮುಂದುವರಿಸಲು ಬಿಡಬೇಡಿ.

ಸ್ಕೂಟರ್ ಮಾತ್ರ ಇರುವವರಿಗೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಮಗುವನ್ನು ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿ.ಮೀ. ಮೀರದ ವೇಗ ಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದೆ. ಅದಕ್ಕಿಂತ ಎಳೆಯ ಮಗುವನ್ನು ಸ್ಕೂಟರಿನಲ್ಲಿ ಕರೆದೊಯ್ಯಲೇಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಲಸಿಕೆಗೆ ಹೋಗಲು ಆಟೋ ಹಿಡಿಯಿರಿ.

ಸ್ಟ್ರಾಲರ್ ವಿಷಯದಲ್ಲಿ ನಿಮ್ಮ ಮನೆಯಿಂದ ಅಂಗಡಿಯವರೆಗೆ ಒಮ್ಮೆ ನಡೆದು ನೋಡಿ. ಪಾದಚಾರಿ ಮಾರ್ಗದಲ್ಲಿ ಎಷ್ಟು ಕಡೆ ಕಲ್ಲು ಕಿತ್ತಿದೆ, ಎಷ್ಟು ಕಡೆ ಬೈಕ್ ನಿಂತಿದೆ ಎಂದು ಎಣಿಸಿ. ಒಳಗೆ ರಸ್ತೆ ಇರುವ ದೊಡ್ಡ ಅಪಾರ್ಟ್‌ಮೆಂಟಿನವರಿಗೆ ಮಾತ್ರ ಅದು ದಿನಾ ಉಪಯೋಗಕ್ಕೆ ಬರುತ್ತದೆ. ಅಂಥವರೂ ಮಗು ಕೂರುವ ಹೊತ್ತಿಗೆ, ಅಂದರೆ ಆರು ತಿಂಗಳ ಮೇಲೆ, ಒಂದೇ ಕೈಯಲ್ಲಿ ಮಡಚಲಾಗುವ ಹಗುರದ್ದನ್ನು ಕೊಂಡರೆ ಸಾಕು. ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡದವರಿಗೆ ಈ ಮಾತು ಅನ್ವಯಿಸದು, ಅಲ್ಲಿ ಕಾರ್ ಸೀಟಿನಷ್ಟೇ ಸ್ಟ್ರಾಲರೂ ಮೊದಲ ವಾರದಿಂದ ಬೇಕು.

ನಮ್ಮ ರಸ್ತೆಗೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ವಾಸಿ. ಮಗುವಿನ ಮುಖ ಸದಾ ಕಾಣುತ್ತಿರಬೇಕು, ಬಾಗಿದರೆ ತಲೆಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು, ಗದ್ದ ಎದೆಗೆ ಒತ್ತಿರಬಾರದು. ಕಾಲು ನೇರ ಜೋತುಬಿಡುವ ಕಿರಿದಾದ ಕ್ಯಾರಿಯರ್ ಬೇಡ. ಸೊಂಟದ ಮೇಲೆ ಎತ್ತಿಕೊಂಡಾಗ ತೊಡೆ ಅಗಲಿ ಮೊಣಕಾಲು ಮೇಲಿರುತ್ತದಲ್ಲ, ಆ ಭಂಗಿಯೇ ಮಗುವಿನ ಸೊಂಟದ ಕೀಲಿಗೆ ಒಳ್ಳೆಯದು.

ಆರು ತಿಂಗಳ ಮೇಲೆ

ಇಲ್ಲಿ ಕೊಳ್ಳುವುದು ಬಹಳ ಕಡಿಮೆ. ರಾಗಿ ಸರಿಗೆ ಮೊಳಕೆ ಕಟ್ಟಿದ ರಾಗಿ, ತೆಳು ಬಟ್ಟೆ, ಮನೆಯ ಮಿಕ್ಸಿ ಇದ್ದರಾಯಿತು, ಬೇಬಿ ಫುಡ್ ಪ್ರೊಸೆಸರ್ ಬೇಕಿಲ್ಲ. ಸ್ಟೀಲ್ ಬಟ್ಟಲು, ಅಂಚು ನುಣುಪಾದ ಪುಟ್ಟ ಚಮಚ ಇರಲಿ. ಊಟದ ಕುರ್ಚಿ ಕೊಳ್ಳುವುದಾದರೆ ಬೆಲ್ಟ್ ಇರುವುದು, ತಟ್ಟೆಯ ಭಾಗ ಕಳಚಿ ನಲ್ಲಿಯ ಕೆಳಗೆ ತೊಳೆಯಲು ಬರುವುದು ನೋಡಿ. ಬಟ್ಟೆಯ ಮೆತ್ತೆ ಹೊಲಿದ ದುಬಾರಿ ಕುರ್ಚಿಯ ಸಂದಿಯಲ್ಲಿ ಸೇರಿದ ಅನ್ನ ಹೊರಗೆ ಬರುವುದಿಲ್ಲ.

ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಸೂಚ್ಯಂಕ (ಇಂಥ ಊರಿನದೇ ವಸ್ತು ಎಂಬ ಜಿಐ ಗುರುತು) ಪಡೆದ ಕುಶಲಕರ್ಮಿಗಳ ಆಟಿಕೆಗೆ ಇದರಿಂದ ವಿನಾಯಿತಿಯಿದೆ. ಹಾಗಾಗಿ ಚನ್ನಪಟ್ಟಣದ ಅರಗು ಬಣ್ಣದ ಮರದ ಗಿಲಕಿಯನ್ನು ನೀವೇ ನೋಡಿ ಕೊಳ್ಳಿ: ಸಿಗುರು ಎದ್ದಿರಬಾರದು, ಕಳಚುವ ಮಣಿ ಇರಬಾರದು, ಮಗುವಿನ ಬಾಯಿಗೆ ಪೂರ್ತಿ ತೂರುವಷ್ಟು ಚಿಕ್ಕದಿರಬಾರದು. ಶೂ ಕೂಡ ಮಗು ಹೊರಗೆ ನಡೆಯಲು ಶುರು ಮಾಡುವವರೆಗೆ ಬೇಡ.

ಬೇಡವೇ ಬೇಡ

ವಾಕರ್. ಯಾರು ಉಡುಗೊರೆ ಕೊಟ್ಟರೂ ಬೇಡ. ಚಕ್ರದ ವಾಕರಿನಿಂದ ಮಗು ಬೇಗ ನಡೆಯುತ್ತದೆ ಎನ್ನುವುದು ತಪ್ಪು ನಂಬಿಕೆ, ಅದು ನಡಿಗೆಗೆ ನೆರವಾಗುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮಗು ಮೆಟ್ಟಿಲ ಅಂಚಿಗೋ, ಬಿಸಿ ಸಾರಿನ ಪಾತ್ರೆಯ ಬಳಿಗೋ ತಲುಪುತ್ತದೆ. ಕೆನಡಾ 2004ರಲ್ಲೇ ಇದರ ಮಾರಾಟವನ್ನು ನಿಷೇಧಿಸಿತು. ಮಗುವನ್ನು ನೆಲದ ಮೇಲೆ ಬಿಡಿ, ಜಮಖಾನ ಹಾಸಿದರೆ ಅದೇ ಅದರ ಅಂಗಳ.

ಸ್ನಾನಕ್ಕೆ ಕತ್ತಿಗೆ ಹಾಕುವ ಗಾಳಿ ಉಂಗುರವೂ ಬೇಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಉಸಿರು, ಆಮ್ಲಜನಕ ಅಳೆಯುವ ಕಾಲುಚೀಲದಂಥ ಮಾನಿಟರುಗಳು ಆರೋಗ್ಯವಂತ ಮಗುವಿಗೆ ಅನಗತ್ಯ, ಸುಳ್ಳು ಅಲಾರಾಂ ಬಡಿದುಕೊಂಡು ಇರುವ ನಿದ್ದೆಯೂ ಹೋಗುತ್ತದೆ. ಎರಡು ಕೋಣೆಯ ಮನೆಯಲ್ಲಿ ಅಳುವಿಗೆ ಕ್ಯಾಮೆರಾ ಬೇಕಿಲ್ಲ. ಮಗುವಿಗೆಂದೇ ಮಾಡಿದ ಪೌಡರ್ ಮೂಗಿಗೆ ಹೋಗುತ್ತದೆ, ಅದನ್ನೂ ಪಟ್ಟಿಯಿಂದ ತೆಗೆಯಿರಿ.

ಹಳೆಯದು, ಎರವಲು, ಉಡುಗೊರೆ

ನಾಮಕರಣಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಮೂರು ತಿಂಗಳಿಗೇ ಚಿಕ್ಕದಾಗುವ ಮಿನುಗು ಫ್ರಾಕ್ ತರುತ್ತಾರೆ. ಏನು ತರಲಿ ಎಂದು ಹತ್ತಿರದವರು ಕೇಳಿದಾಗ "ಏನೂ ಬೇಡ" ಎನ್ನದೆ ನೇರವಾಗಿ ಹೇಳಿ: ಒಂದು ವರ್ಷದ ಅಳತೆಯ ಹತ್ತಿ ಬಟ್ಟೆ, ಮಧ್ಯಮ ಅಳತೆಯ ಡೈಪರ್, ಇಲ್ಲವೇ ನಾಲ್ಕು ಜನ ಸೇರಿ ಕಾರ್ ಸೀಟು. ಸೋದರಮಾವನಿಗೆ ಇಂಥ ಮಾತು ಬೇಸರ ತರುವುದಿಲ್ಲ, ಏನು ತರುವುದೆಂಬ ತಲೆನೋವೇ ತಪ್ಪುತ್ತದೆ. ಬಂದ ಬಟ್ಟೆಗಳ ಚೀಟಿ ಕೀಳದೆ, ಬಿಲ್ ಸಮೇತ ಎತ್ತಿಡಿ. ಎರಡು ವಾರದಲ್ಲಿ ಬದಲಾಯಿಸಿಕೊಡುವ ಅಂಗಡಿಗಳಿವೆ.

ಬಟ್ಟೆ, ತೊಟ್ಟಿಲು, ಸ್ಟ್ರಾಲರ್, ಊಟದ ಕುರ್ಚಿ, ಟಬ್ ಇವನ್ನೆಲ್ಲ ಹಳೆಯದನ್ನು ಧಾರಾಳವಾಗಿ ತರಬಹುದು. ಸ್ಟ್ರಾಲರಿನ ಬ್ರೇಕ್ ಹಾಕಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ, ಮಡಚುವ ಕೀಲು ತಾನಾಗಿ ಬಿದ್ದುಹೋಗುತ್ತದೆಯೇ ಪರೀಕ್ಷಿಸಿ, ಬೆಲ್ಟಿನ ಕೊಂಡಿ ಸದ್ದು ಮಾಡಿ ಕೂರುತ್ತದೆಯೇ ಕೇಳಿ. ಬಾಟಲಿಯ ನಿಪ್ಪಲ್ ಮಾತ್ರ ಹೊಸದೇ ಆಗಬೇಕು. ಕಾರ್ ಸೀಟು ಹಳೆಯದನ್ನು ತರುವುದಾದರೆ ಅದರ ಇತಿಹಾಸ ನಿಮಗೆ ಪೂರ್ತಿ ಗೊತ್ತಿರುವ ಅಣ್ಣನ, ಅಕ್ಕನ ಮನೆಯಿಂದ ಮಾತ್ರ ತನ್ನಿ. ಒಮ್ಮೆ ಅಪಘಾತ ಕಂಡ ಸೀಟಿನ ಒಳಬಿರುಕು ಹೊರಗೆ ಕಾಣುವುದಿಲ್ಲ. ತಳದಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಿರುತ್ತಾರೆ, ಕಂಪನಿ ಹೇಳಿದ ಆಯುಸ್ಸು ಮುಗಿದಿದ್ದರೆ ಬೇಡ. ಅದರ ಜೊತೆ ಬಂದ ಕೈಪಿಡಿಯನ್ನೂ ಕೇಳಿ ತನ್ನಿ, ಇಲ್ಲವಾದರೆ ಕಂಪನಿಯ ತಾಣದಿಂದ ಇಳಿಸಿಕೊಳ್ಳಿ. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಬೆಲ್ಟ್ ಯಾವ ತೂತಿನಿಂದ ತೂರಿಸಬೇಕೆಂದು ಹುಡುಕುವಂತಾಗಬಾರದು. ಎಂಟನೇ ತಿಂಗಳಲ್ಲೇ ಅಪ್ಪನಾಗುವವರು ಎರಡು ಸಲ ಸೀಟನ್ನು ಕೂರಿಸಿ, ತೆಗೆದು ರೂಢಿ ಮಾಡಿಕೊಳ್ಳಲಿ.